ರಾಯ್ಡನ್ ಸತ್ತಿದ್ದ ಒಂಬತ್ತು ದಿನ

ನಮ್ಮ ವೈಮಾಟೆ ಊರಿನಲ್ಲಿ ರಾಯ್ಡನ್ ಟಲ್ಲಕ್‌ನ ಲಾನ್ ಗೊತ್ತಿಲ್ಲದವರು ಇರಲಿಲ್ಲ. ರಾಯ್ಡನ್‌ನೇ ಗೊತ್ತಿದ್ದವರು ಎಷ್ಟು ಜನ ಅನ್ನುವುದು ಬೇರೆ ಮಾತು. ಬೌಲ್ಸ್ ಕ್ಲಬ್ಬಿನವರು ಚೆಂಡು ಉರುಳಿಸುವ ಹುಲ್ಲಿನ ಅಂಗಳವನ್ನು ಮೂವತ್ತೊಂದು ವರ್ಷ ನೋಡಿಕೊಂಡವನು ಅವನು. ಆ ಚಟವನ್ನು ಮನೆಗೂ ತಂದಿದ್ದ. ಮನೆ ಮುಂದಿನ ಹಸಿರು ಚೌಕ ಎಷ್ಟು ನುಣ್ಣಗಿತ್ತೆಂದರೆ ಗುಬ್ಬಿಗಳೂ ಅಲ್ಲಿ ಇಳಿಯಲು ಸಂಕೋಚಪಡುತ್ತಿದ್ದವು. ಅಂಚನ್ನು ಮಂಡಿಯೂರಿ ಕತ್ತರಿಯಲ್ಲಿ ಕತ್ತರಿಸುತ್ತಿದ್ದ. ಚರ್ಚಿನಲ್ಲಿ ಅವನು ಮಂಡಿಯೂರಿದ್ದನ್ನು ಕಂಡವರಿಲ್ಲ.

ಗೇಟಿನಿಂದ ಮುಂಬಾಗಿಲಿಗೆ ನೇರವಾಗಿ ಹೋದರೆ ಹದಿನಾಲ್ಕು ಹೆಜ್ಜೆ. ಆದರೆ ನೇರ ಹೋಗುವಂತಿರಲಿಲ್ಲ. ಬೇಲಿಗುಂಟ ಜಲ್ಲಿ ಸುರಿದ ದಾರಿಯಲ್ಲಿ ಮನೆಯನ್ನು ಸುತ್ತಿ ಹಿಂಬಾಗಿಲಿಂದಲೇ ಒಳಗೆ ಬರಬೇಕು. ಪಾದ್ರಿಯೂ ಹಾಗೆಯೇ, ಅಂಚೆಯವನೂ ಹಾಗೆಯೇ. ನಲವತ್ತನಾಲ್ಕು ವರ್ಷ ಅವನ ಹೆಂಡತಿ ನೈರಿಯೂ ಎರಡು ಕೈಯಲ್ಲಿ ಸಾಮಾನಿನ ಚೀಲ ಹಿಡಿದು ಹಾಗೆಯೇ ಸುತ್ತಿದಳು.

ನಾನು ಬೆರಿಸ್, ಅವರ ಎದುರು ಮನೆಯವಳು. ಶಾಲೆಯಲ್ಲಿ ಮಕ್ಕಳ ಹಲ್ಲು ನೋಡುವ ನರ್ಸ್ ಆಗಿದ್ದೆ, ಈಗ ನಿವೃತ್ತಿ. ಈ ಊರಿನ ಅರ್ಧ ಬಾಯಿಗಳೊಳಗೆ ಇಣುಕಿದ್ದೇನೆ. ಒಂದು ಮಾತನ್ನು ಒಳಗೇ ಇಟ್ಟುಕೊಳ್ಳುವಂಥ ಬಾಯಿ ಅವುಗಳಲ್ಲಿ ಒಂದೂ ಸಿಗಲಿಲ್ಲ. ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ, ಏಕೆಂದರೆ ಇಡೀ ಅನಾಹುತ ಶುರುವಾಗಿದ್ದು ನನ್ನಿಂದ.

ಜನವರಿಯಲ್ಲಿ, ನಮ್ಮ ಕಡೆ ಅದು ನಡುಬೇಸಿಗೆ, ರಾಯ್ಡನ್ ಸೂರಿನ ನೀರುದೋಣಿಯ ಕಸ ತೆಗೆಯಲು ಏಣಿ ಹತ್ತಿ ಕೆಳಗೆ ಬಿದ್ದ. ಸೊಂಟದ ಕೀಲು ಮುರಿಯಿತು. ಬಿದ್ದಿದ್ದು ಲಾನ್ ಮೇಲೆ. ಆಂಬ್ಯುಲೆನ್ಸಿನವರು ಸ್ಟ್ರೆಚರ್ ತಂದಾಗ ಅವನು ನೋವಿನಲ್ಲಿ ನರಳುತ್ತಲೇ, "ಜಲ್ಲಿ ದಾರೀಲಿ ಬನ್ನಿ, ಜಲ್ಲಿ ದಾರೀಲಿ," ಅಂತ ಕೈ ತೋರಿಸಿದ. ಕ್ರೈಸ್ಟ್‌ಚರ್ಚ್‌ನ ಆಸ್ಪತ್ರೆಗೆ ಒಯ್ದರು. ಹೊಸ ಕೀಲು ಹಾಕಿದ ಮೇಲೆ ಗಾಯಕ್ಕೆ ಕೀವು ತುಂಬಿ ಏಳು ವಾರ ಅಲ್ಲೇ ಇರಬೇಕಾಯಿತು.

ಮೊದಲ ವಾರವೇ ಅವನಿಂದ ನೈರಿಗೆ ಹನ್ನೊಂದು ಪುಟದ ಕಾಗದ ಬಂತು. ಪ್ರೀತಿಯ ನೈರಿ ಅಂತ ಒಂದು ಸಾಲು, ಉಳಿದಿದ್ದೆಲ್ಲ ಲಾನಿನ ಆರೈಕೆ. ಆ ಬೇಸಿಗೆ ನೀರಿಗೆ ಕಟ್ಟುನಿಟ್ಟು ಇತ್ತು, ಪೈಪು ಹಿಡಿಯುವಂತಿಲ್ಲ. ಹಾಗಾಗಿ ಸ್ನಾನದ ನೀರನ್ನು ಬಕೆಟ್ಟಿನಲ್ಲಿ ಹೊತ್ತು ಹಾಕಬೇಕು, ಸಾಬೂನು ಮಾತ್ರ ಬಳಸಬಾರದು ಅಂತ ಬರೆದಿದ್ದ.

"ಸಾಬೂನು ಹಚ್ಚದೆ ಸ್ನಾನ ಮಾಡಬೇಕಂತೆ ನಾನು," ಅಂದಳು ನೈರಿ, ನನ್ನ ಅಡುಗೆಮನೆಯಲ್ಲಿ ಕೂತು. "ಎಪ್ಪತ್ತೊಂದು ವರ್ಷ ನನಗೆ. ಹುಲ್ಲಿಗೋಸ್ಕರ ನಾರಬೇಕು."

"ಮಾಡ್ತೀಯಾ?"

"ಮೂರು ದಿನ ಮಾಡಿದೆ."

ನಾಲ್ಕನೆಯ ದಿನ ಬಿಟ್ಟಳು. ಐದನೆಯ ದಿನ ತೋಟದ ಬೂಟು ಹಾಕಿಕೊಂಡು ಗೇಟಿನಿಂದ ಮುಂಬಾಗಿಲಿಗೆ ನೇರವಾಗಿ, ಲಾನ್ ಮೇಲೇ ನಡೆದಳು. ನಾನು ಕಿಟಕಿಯಿಂದ ನೋಡಿದೆ. ಅರ್ಧಕ್ಕೆ ಬಂದು ನಿಂತಳು, ಆಚೀಚೆ ನೋಡಿದಳು. ಆಕಾಶವೇನೂ ಕಳಚಿ ಬೀಳಲಿಲ್ಲ. ಮತ್ತೆ ಗೇಟಿಗೆ ಹೋಗಿ ಇನ್ನೊಂದು ಸಲ ನಡೆದಳು. ಆರನೆಯ ದಿನ ಹುಲ್ಲು ಸುಲಿಯುವ ಯಂತ್ರದವನನ್ನು ಕರೆಸಿದಳು. ನಲವತ್ತು ವರ್ಷದ ಲಾನನ್ನು ಅವನು ಊಟದ ಹೊತ್ತಿಗೆ ಚಾಪೆಯಂತೆ ಸುರುಳಿ ಸುತ್ತಿ ಟ್ರಕ್ಕಿಗೆ ಹಾಕಿ ಮುಗಿಸಿದ.

"ಈಗ ಏನು ಹಾಕ್ತೀಯೇ?" ಅಂತ ಕೇಳಿದೆ.

"ಗೊತ್ತಿಲ್ಲ. ಕಾರ್ ತೆಗಿ, ಹೋಗಿ ನೋಡೋಣ."

ಊರಾಚೆ ನದಿ ದಾರಿಯಲ್ಲಿ ಮೆರಿಯಾನಾಳ ಸಸಿ ತೋಟ. ಮೆರಿಯಾನಾ ಈ ನಾಡಿನ ಮೂಲನಿವಾಸಿ ಮಾವೊರಿ ಹೆಂಗಸು, ಐವತ್ತರ ಆಸುಪಾಸು, ಮೊಣಕೈವರೆಗೂ ಮಣ್ಣು. ಗಿರಾಕಿಗಳನ್ನು ಮೆಚ್ಚಿಸುವ ಅಭ್ಯಾಸ ಅವಳಿಗಿಲ್ಲ.

"ಕತ್ತರಿಸೋ ಕೆಲಸ ಇಲ್ಲದ್ದು ಏನಾದ್ರೂ ಕೊಡಿ," ಅಂದಳು ನೈರಿ.

"ಕಲ್ಲು ಇದೆ," ಅಂದಳು ಮೆರಿಯಾನಾ.

"ಜೀವ ಇರೋದು ಬೇಕು."

"ನೀರು?"

"ಹಾಕೋಕೆ ನನ್ನಿಂದ ಆಗಲ್ಲ. ಬಕೆಟ್ ಹೊತ್ತು ಸಾಕಾಗಿದೆ."

"ಹಾಗಾದ್ರೆ ಜೇಕು. ಮೊದಲ ತಿಂಗಳು ಸ್ವಲ್ಪ ಕುಡಿಯುತ್ತೆ, ಆಮೇಲೆ ನಿಮ್ಮ ಹಂಗೇ ಬೇಡ ಅದಕ್ಕೆ."

ಜೇಕು ಅಂದರೆ ಕೊಳಚೆ ಪಕ್ಕ ಬೆಳೆಯುವ, ಕುರಿಯೂ ಮೂಸದ ಕಳೆ ಅಂತ ನಾನು ತಿಳಿದಿದ್ದೆ. ಬಾಯಿಬಿಟ್ಟು ಹೇಳಿಯೂ ಬಿಟ್ಟೆ. ಮೆರಿಯಾನಾ ಒಂದು ಕಡ್ಡಿ ಕಿತ್ತು ನನ್ನ ಬೆರಳುಗಳ ನಡುವೆ ಇಟ್ಟು ಹೊರಳಿಸಲು ಹೇಳಿದಳು. ಹುಲ್ಲಿನ ಹಾಗೆ ಉರುಳಲಿಲ್ಲ, ಮೂರು ಮೂಲೆ ಕೈಗೆ ಒತ್ತಿದವು. "ಕುರಿ ಬರೋಕೆ ಮುಂಚೆ ಈ ಬಯಲಲ್ಲಿ ಇದ್ದಿದ್ದು ಇವೇ. ಕಳೆ ಯಾವುದು ಅಂತ ಇವನ್ನ ಕೇಳಿದ್ರೆ ಬೇರೆಯೇ ಉತ್ತರ ಬರುತ್ತೆ," ಅಂದಳು.

ಆಯ್ಕೆ ಸುಲಭ ಇರಲಿಲ್ಲ. ಒಂದು ಜಾತಿ ಕಿತ್ತಳೆ ಬಣ್ಣದ್ದು, ತಲೆ ಕೆದರಿಕೊಂಡು ಬಿದ್ದಿತ್ತು. ಒಂದು ಮಾಸಲು ಬಿಳಿ, ತುದಿಯೆಲ್ಲ ಗುಂಗುರು. ಜಪಾನಿನಿಂದ ಬಂದ ಒಂದಕ್ಕೆ ಎಲೆಯುದ್ದಕ್ಕೂ ಹಳದಿ ಪಟ್ಟೆ. ನೈರಿ ಅದನ್ನು ಎತ್ತಿ ನೋಡಿ, "ನಮ್ಮ ಮಾವನ ಪೈಜಾಮ ಹೀಗೇ ಇತ್ತು," ಅಂತ ಕೆಳಗಿಟ್ಟಳು. ಗುಂಗುರಿನದ್ದು ನೋಡಿ ನನಗೆ ಆಸೆಯಾಯಿತು. "ಅದು ಬೇಡ, ಡಾಫ್ನಿಯ ತಲೆ ಇದ್ದ ಹಾಗಿದೆ," ಅಂದಳು. ಡಾಫ್ನಿ ನಮ್ಮ ಬೀದಿಯ ಕೊನೆಯ ಮನೆಯವಳು. ಹೋಲಿಕೆ ನಿಜವೇ ಆಗಿತ್ತು.

ಕೊನೆಗೆ ಮೂಲೆಯಲ್ಲಿದ್ದ ಒಂದು ಸಾಲಿನ ಮುಂದೆ ನಿಂತುಬಿಟ್ಟಳು. ತಾಮ್ರಕ್ಕೂ ಚಹಾದ ಕರೆಗೂ ನಡುವಿನ ಕಂದು. ನೆಟ್ಟಗೆ, ತೆಳ್ಳಗೆ, ಗಾಳಿಗೆ ಒಟ್ಟಾಗಿ ಒಲೆಯುತ್ತಿದ್ದವು.

"ಇವು ಸತ್ತಿವೆ ಅಲ್ವಾ?" ಅಂದೆ ನಾನು.

"ಇಲ್ಲ. ಬಣ್ಣವೇ ಅದು. ಹುಟ್ಟಿದಾಗಿಂದ ಹೀಗೇ," ಅಂದಳು ಮೆರಿಯಾನಾ.

"ನಿಜವಾಗಿ ಸತ್ತಾಗ ಹೇಗೆ ತಿಳಿಯೋದು?"

"ಹಿಡಿದು ಎಳೀರಿ. ಬುಡ ಸಮೇತ ಬಂದ್ರೆ ಸತ್ತಿದೆ. ಬರದಿದ್ರೆ, ಕ್ಷಮೆ ಕೇಳಿ ಬಿಟ್ಬಿಡಿ."

ನೈರಿ ಬಗ್ಗಿ ಒಂದರ ಮೇಲೆ ಕೈಯಾಡಿಸಿದಳು. ಅವಳ ಮುಖ ನೋಡಿದರೆ ಮದುವೆ ಗೌನು ಆರಿಸಲು ಹೋದವಳು ಕೊನೆಗೂ ಸಿಕ್ಕಿತು ಅಂದ ಹಾಗಿತ್ತು ಅಂತ ಹೇಳಬಹುದಿತ್ತು, ಆದರೆ ಮದುವೆ ಬಟ್ಟೆಯನ್ನು ಅವಳು ಆರಿಸಿದ್ದಲ್ಲ, ಅತ್ತೆ ಆರಿಸಿದ್ದು. "ಇಷ್ಟು ವರ್ಷ ಹಸಿರು ನೋಡಿದೆ ಬೆರಿಸ್," ಅಂದಳು. "ಇದು ನನಗೆ ಬೇಕು. ಅರವತ್ತು ಕೊಡಿ."

ಅರವತ್ತನ್ನೂ ನಾವಿಬ್ಬರು ಮುದುಕಿಯರು ನಾಲ್ಕು ದಿನದಲ್ಲಿ ನೆಟ್ಟೆವು. ನನ್ನ ಬೆನ್ನು ಇನ್ನೂ ಅದನ್ನು ನೆನೆಸಿಕೊಳ್ಳುತ್ತದೆ. ರಾಯ್ಡನ್ ದಿನಾ ಸಂಜೆ ಐದಕ್ಕೆ ಫೋನ್ ಮಾಡುತ್ತಿದ್ದ.

"ಲಾನ್ ಹೇಗಿದೆ?"

"ಅದಕ್ಕೆ ಇನ್ನು ಯಾವ ತೊಂದ್ರೆನೂ ಇಲ್ಲ," ಅನ್ನುತ್ತಿದ್ದಳು ನೈರಿ.

"ಕಳೆ?"

"ಒಂದೇ ಒಂದು ಇಲ್ಲ."

ಅವಳು ಸುಳ್ಳು ಹೇಳಿದಳು ಅಂತ ಯಾರೂ ಅನ್ನುವಂತಿಲ್ಲ.

ಫೆಬ್ರವರಿಯ ವಾಯವ್ಯ ಗಾಳಿ ಬೀಸಿ ಊರೆಲ್ಲ ಒಣಗಿತ್ತು. ಬೀದಿಯಲ್ಲಿ ಹೋಗುವವರು ಟಲ್ಲಕ್ ಮನೆ ಮುಂದೆ ಹೆಜ್ಜೆ ನಿಧಾನ ಮಾಡಿ, ಅಂಗಳದ ತುಂಬ ಕಂದು ಗುಪ್ಪೆಗಳನ್ನು ಕಂಡು, ತಲೆ ಆಡಿಸಿ ಮುಂದೆ ಹೋಗುತ್ತಿದ್ದರು. ಆ ಗುರುವಾರ ನಾನು ಮಾಂಸದಂಗಡಿಗೆ ಹೋದೆ. ಅಂಗಡಿಯ ಕ್ಲಾರಿ ಚಾಕು ಒರೆಸುತ್ತ, "ರಾಯ್ಡನ್ ಮನೆ ಮುಂದೆ ನೋಡಿದೆ. ಏನಾಯ್ತು?" ಅಂದ.

"ಎಲ್ಲಾ ಹೋಯ್ತು ಕ್ಲಾರಿ," ಅಂದೆ. ನನ್ನ ಮನಸ್ಸಿನಲ್ಲಿ ಇದ್ದಿದ್ದು ಲಾನ್. "ನಲವತ್ತು ವರ್ಷದ್ದು, ಒಂದೇ ಬೆಳಿಗ್ಗೆ ಮುಗಿದುಹೋಯ್ತು. ಟ್ರಕ್ಕಿನಲ್ಲಿ ಹಾಕ್ಕೊಂಡು ಹೋದ್ರು."

"ನೈರಿ?"

"ಅವಳಿಗೆ ಈಗ ನೆಮ್ಮದಿ. ನಿಜ ಹೇಳ್ಬೇಕಂದ್ರೆ ಹತ್ತು ವರ್ಷ ಚಿಕ್ಕವಳಾಗಿದಾಳೆ."

ಕ್ಲಾರಿ ಟೋಪಿ ತೆಗೆದ. ನಾನು ಕೇಳಿದ್ದಕ್ಕಿಂತ ಆರು ಸಾಸೇಜು ಹೆಚ್ಚಿಗೆ ಕಟ್ಟಿ, "ಅವಳಿಗೆ ಕೊಡಿ," ಅಂದ. ಒಂದು ಲಾನಿಗೆ ಇಷ್ಟು ಮರುಗುವ ಮನುಷ್ಯ ಅಂತ ನನಗೆ ಅವನ ಮೇಲೆ ಗೌರವ ಬಂತು.

ಮರುದಿನ ಬೆಳಿಗ್ಗೆ ಡಾಫ್ನಿ ಬೇಕನ್ ಮೊಟ್ಟೆಯ ಪೈ ಹಿಡಿದುಕೊಂಡು ನೈರಿಯ ಮನೆಗೆ ಬಂದಳು. ನಾನೂ ಅಲ್ಲೇ ಇದ್ದೆ. ಅವಳ ಕಣ್ಣು ಕೆಂಪಗಿತ್ತು.

"ನೈರಿ, ಏನು ಹೇಳೋಕೂ ಮಾತೇ ಬರ್ತಿಲ್ಲ."

"ಅಯ್ಯೋ, ಅಷ್ಟೊಂದು ಹಚ್ಚಿಕೋಬೇಡ," ಅಂದಳು ನೈರಿ. "ತುಂಬಾ ನೋವು ತಿಂತಿದ್ದ ಪಾಪ. ಈಗ ಒಳ್ಳೆ ಜಾಗದಲ್ಲಿದಾನೆ."

"ನೀನು ಎಷ್ಟು ಧೈರ್ಯವಾಗಿದ್ದೀಯೇ."

"ಅಲ್ಲಿ ನೋಡ್ಕೊಳ್ಳೋರು ದೇವತೆಗಳು ಕಣೇ. ಬೆಳ್ಳನೆ ಬಟ್ಟೆ ಹಾಕ್ಕೊಂಡು, ನಗುನಗ್ತಾ. ಇವನು ಮಾತ್ರ ಅಲ್ಲೂ ಗೊಣಗ್ತಾನೆ, ಅದು ಬೇರೆ."

ಡಾಫ್ನಿ ಕರವಸ್ತ್ರ ಬಾಯಿಗೆ ಒತ್ತಿಕೊಂಡಳು. "ನಿನಗೆ ಹಾಗೆಲ್ಲ ಕೇಳಿಸುತ್ತಾ?"

"ದಿನಾ ಸಂಜೆ ಐದಕ್ಕೆ. ಭಾನುವಾರ ನಾನೂ ಅಲ್ಲಿಗೆ ಹೋಗೋಣ ಅಂತಿದೀನಿ."

ಡಾಫ್ನಿ ಪೈಯನ್ನು ಮೇಜಿನ ಮೇಲಿಟ್ಟು ನೈರಿಯ ಎರಡೂ ಕೈ ಹಿಡಿದುಕೊಂಡು, "ಅಂಥದ್ದೇನೂ ಮಾಡ್ಕೋಬೇಡ, ಕೈ ಮುಗೀತೀನಿ," ಅಂದಳು. ಬಸ್ಸಿನಲ್ಲಿ ಎರಡೂವರೆ ಗಂಟೆ ಹೋಗಿಬರುವುದರಲ್ಲಿ ಅಷ್ಟು ಭಯಪಡುವುದೇನಿದೆ ಅಂತ ನಮಗೆ ತಿಳಿಯಲಿಲ್ಲ. ಭಾನುವಾರ ಬೆಳಿಗ್ಗೆ ಡಾಫ್ನಿ ಮತ್ತು ಇನ್ನಿಬ್ಬರು ಸರದಿಯ ಮೇಲೆ ಬಂದು ನೈರಿಯನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಲಿಲ್ಲ. ಬಸ್ಸು ತಪ್ಪಿಹೋಯಿತು.

ಆ ವಾರ ಬಂದ ತಿಂಡಿಗೆ ಲೆಕ್ಕವಿಲ್ಲ. ಕುರಿ ಮಾಂಸದ ಸಾರು, ಆಲೂಗಡ್ಡೆ ಪೈ, ಚೀಸ್ ಹಾಕಿದ ಸ್ಕೋನು ಬನ್ನು, ಕೆನೆ ಹಚ್ಚಿದ ಎರಡು ಪಾವ್ಲೋವಾ ಕೇಕು. ನೈರಿಯ ಫ್ರಿಡ್ಜ್ ತುಂಬಿ ನನ್ನದೂ ತುಂಬಿತು. "ಸೊಂಟ ಮುರಿದ್ರೆ ಜನ ಇಷ್ಟು ಮಾಡ್ತಾರೆ ಅಂತ ಗೊತ್ತಿದ್ದಿದ್ರೆ, ಅವನನ್ನ ಯಾವತ್ತೋ ಏಣಿಯಿಂದ ತಳ್ತಿದ್ದೆ," ಅಂದಳು ನೈರಿ, ಪಾವ್ಲೋವಾದ ಕೆನೆ ನೆಕ್ಕುತ್ತ.

ಮುಂದಿನ ಶುಕ್ರವಾರ ನಾವು ಬೌಲ್ಸ್ ಕ್ಲಬ್ ಮುಂದೆ ಹಾದುಹೋದೆವು. ಬಾವುಟ ಅರ್ಧಕ್ಕೆ ಇಳಿದಿತ್ತು.

"ಯಾರೋ ಹೋಗಿದಾರೆ," ಅಂದಳು ನೈರಿ.

ಕಾರು ನಿಲ್ಲಿಸಿ ಯಾರಿರಬಹುದು ಅಂತ ಲೆಕ್ಕ ಹಾಕಿದೆವು. ಹೃದಯದ ತೊಂದರೆಯವರು ನಾಲ್ಕು ಜನ, ಸಕ್ಕರೆ ಕಾಯಿಲೆ ಏಳು ಜನ. ನಾನು ಖಜಾಂಚಿ ಅಂದೆ, ನೈರಿ ಅಧ್ಯಕ್ಷ ಐವನ್ ಅಂದಳು. ಪಣ ಕಟ್ಟಿದೆವು ಅಂತ ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಯಾರೇ ಆಗಲಿ, ಊರವರು ತನಗೆ ಇಷ್ಟೆಲ್ಲ ಮಾಡಿರುವಾಗ ತಾನು ಬರಿಗೈಯಲ್ಲಿ ಕೂರಬಾರದು ಅಂತ ನೈರಿ ಮರುದಿನ ಎರಡು ಡಜನ್ ಖರ್ಜೂರದ ಸ್ಕೋನು ಬೇಯಿಸಿ, ಒಳ್ಳೆ ಬಟ್ಟೆ ಹಾಕಿಕೊಂಡು ಕ್ಲಬ್ಬಿಗೆ ಹೊರಟಳು. ಜೊತೆಗೆ ನಾನು.

ಒಳಗೆ ಹೆಜ್ಜೆಯಿಟ್ಟ ಕೂಡಲೇ ಮಾತುಗಳೆಲ್ಲ ನಿಂತವು. ಐವನ್ ಬದುಕಿದ್ದ. ಹಾಗಾದರೆ ನೈರಿ ಪಣ ಸೋತಳು, ನನ್ನ ಮನಸ್ಸಿಗೆ ಮೊದಲು ಹೊಳೆದಿದ್ದು ಅದೇ. ಅವನು ಎರಡು ಕೈ ಚಾಚಿಕೊಂಡು ಬಂದ, ಆರಡಿ ಎತ್ತರದ ಮನುಷ್ಯ.

"ನೀನು ನಮಗೆ ಸ್ಕೋನು ತಂದೆಯಾ ನೈರಿ. ಇಂಥ ಹೊತ್ತಲ್ಲಿ."

"ಇದೇನು ಮಹಾ. ಯಾರು ಹೋಗಿದ್ದು ಐವನ್?"

ಐವನ್ ನನ್ನ ಕಡೆ ನೋಡಿದ. ನಾನು ಭುಜ ಕುಣಿಸಿದೆ. ಅವನು ಅವಳನ್ನು ಮೆಲ್ಲಗೆ ಕುರ್ಚಿಯ ಮೇಲೆ ಕೂರಿಸಿ, ಚಿಕ್ಕ ಮಗುವಿಗೆ ಹೇಳುವ ಹಾಗೆ, "ರಾಯ್ಡನ್, ನೈರಿ. ನಮ್ಮ ರಾಯ್ಡನ್," ಅಂದ.

ನೈರಿ ಅವನ ತೋಳು ಹಿಡಿದಳು. "ಯಾವಾಗ? ನಿನ್ನೆ ಸಂಜೆ ನನ್ನ ಹತ್ರ ಮಾತಾಡಿದ್ನಲ್ಲ."

"ಮಾತಾಡಿರ್ತಾನೆ," ಅಂದ ಐವನ್. "ಅಪ್ಪ ಹೋದ ಮೇಲೆ ನಮ್ಮ ಅಮ್ಮನ ಹತ್ರಾನೂ ಎರಡು ವರ್ಷ ಮಾತಾಡ್ತಿದ್ದ."

ಗೋಡೆಯ ಪಕ್ಕದ ಮೇಜಿನ ಮೇಲೆ ರಾಯ್ಡನ್‌ನ ಫೋಟೋ, ಅದರ ಮುಂದೆ ಅವನ ಎರಡು ಕರಿ ಚೆಂಡು, ಊರವರು ಸಂತಾಪ ಬರೆದಿದ್ದ ಒಂದು ತೆರೆದ ಪುಸ್ತಕ. ನನಗೆ ಕ್ಲಾರಿಯ ಟೋಪಿ, ಆರು ಸಾಸೇಜು ಒಟ್ಟಿಗೆ ನೆನಪಾದವು. ನಾನೂ ಕೂತೆ. ನೈರಿ ಮಾತ್ರ ಎದ್ದು ಕ್ಲಬ್ಬಿನ ಫೋನಿನಿಂದಲೇ ಆಸ್ಪತ್ರೆಗೆ ಮಾಡಿದಳು. ಎರಡು ಸಲ ನಂಬರ್ ತಪ್ಪಿತು. ನರ್ಸ್ ಏನು ಹೇಳಿದಳೋ, ನೈರಿ ಕೇಳುತ್ತ ಕೇಳುತ್ತ ಕಣ್ಣು ಮುಚ್ಚಿಕೊಂಡಳು. ಆಮೇಲೆ ಫೋನ್ ಕೆಳಗಿಟ್ಟು ಎಲ್ಲರ ಕಡೆ ತಿರುಗಿದಳು.

"ಗಂಜಿ ಗಂಟುಗಂಟಾಗಿದೆ ಅಂತ ತಟ್ಟೆ ವಾಪಸ್ ಕಳಿಸಿದಾನಂತೆ. ಈಗಷ್ಟೇ."

ಆಮೇಲೆ ಹಿಂದಿನಿಂದ ಯಾರೋ, "ಹಾಗಾದ್ರೆ ಅವನೇ," ಅಂದರು.

ಹೇಗಾಯಿತು ಅಂತ ಬಿಡಿಸಿ ನೋಡಿದಾಗ ಎಲ್ಲ ಎಳೆಗಳೂ ಬಂದು ಸೇರಿದ್ದು ಎರಡೇ ಕಡೆ: ನನ್ನ ಬಾಯಿ, ಆ ಕಂದು ಜೇಕು. "ರಾಯ್ಡನ್ ಬದುಕಿದ್ರೆ ಅಂಗಳ ಹಾಗಿರೋಕೆ ಸಾಧ್ಯವೇ ಇರ್ಲಿಲ್ಲ," ಅಂತ ಡಾಫ್ನಿ ತನ್ನ ಪರ ವಾದಿಸಿದಳು. ಐವನ್ ಹೊರಗೆ ಹೋಗಿ ಬಾವುಟ ಮೇಲೆ ಏರಿಸಿದ. ಪುಸ್ತಕವನ್ನು ಒಲೆಗೆ ಹಾಕುತ್ತೇನೆ ಅಂದಾಗ ನೈರಿ ತಡೆದಳು.

"ಬರೆದಿದ್ದು ಬರೆದಾಗಿದೆ. ಅವನಿಗೇ ಸೇರಬೇಕಾದ್ದು ಅದು," ಅಂತ ಕಂಕುಳಲ್ಲಿ ಇಟ್ಟುಕೊಂಡು ಬಂದಳು.

ಮಾರ್ಚ್ ಮೊದಲ ವಾರ ರಾಯ್ಡನ್ ಮನೆಗೆ ಬಂದ. ನಾನೇ ಕಾರಿನಲ್ಲಿ ಕರೆತಂದೆ. ತಾನು ಸತ್ತಿದ್ದ ಸುದ್ದಿ ಅವನಿಗೆ ಗೊತ್ತಾಗಿತ್ತು, ಅದರಿಂದ ಅವನಿಗೆ ಒಳಗೊಳಗೇ ಖುಷಿಯೂ ಆಗಿತ್ತು. ಜೇಕಿನ ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಗೇಟಿನ ಹತ್ತಿರ ಊರುಗೋಲು ಊರಿಕೊಂಡು ಇಳಿದವನು ಹಾಗೇ ನಿಂತ. ಗಾಳಿ ಬೀಸಿ ಅರವತ್ತು ಗುಪ್ಪೆಗಳೂ ಒಂದೇ ಕಡೆ ವಾಲಿದವು, ಎದ್ದವು.

"ನೀರು ಹಾಕಿಲ್ಲ ನೀನು," ಅಂದ ಕೊನೆಗೆ.

"ಅದರ ಬಣ್ಣವೇ ಅದು," ಅಂದಳು ನೈರಿ ಬಾಗಿಲಿಂದ.

ಅವನು ರೂಢಿಯಂತೆ ಜಲ್ಲಿ ದಾರಿಗೆ ತಿರುಗಿದ. ಊರುಗೋಲು ಎರಡು ಹೆಜ್ಜೆಗೇ ಜಲ್ಲಿಯಲ್ಲಿ ಹೂತುಹೋಗಿ, ನಾನು ಹಿಡಿಯದಿದ್ದರೆ ಹೊಸ ಕೀಲೂ ಮುರಿಯುತ್ತಿತ್ತು. ಬೇರೆ ದಾರಿ ಇರಲಿಲ್ಲ. ಹಿಂದಕ್ಕೆ ಬಂದು, ಜೇಕಿನ ನಡುವೆ, ಆ ಕಂದು ಎಳೆಗಳು ಪ್ಯಾಂಟಿಗೆ ಸವರುತ್ತಿರಲು, ಮುಂಬಾಗಿಲಿಗೆ ನೇರವಾಗಿ ನಡೆದ. ಹದಿನಾಲ್ಕು ಹೆಜ್ಜೆ ಅವನಿಗೆ ಮೂವತ್ತು ಆಯಿತು. ನೈರಿ ಬಾಗಿಲು ತೆರೆದು ಹಿಡಿದಿದ್ದಳು.

ಎರಡು ದಿನ ಅವನು ಹೆಂಡತಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅವಳು ಆ ಪುಸ್ತಕವನ್ನು ಅವನ ಚಹಾದ ಪಕ್ಕ ಇಟ್ಟಳು. ನಾನು ಫ್ರಿಡ್ಜಿನಲ್ಲಿ ಉಳಿದಿದ್ದ ಸಾರು ವಾಪಸ್ ಕೊಡಲು ಹೋಗಿದ್ದವಳು ಅಲ್ಲೇ ಉಳಿದೆ. ಅವನು ಕನ್ನಡಕ ಹಾಕಿಕೊಂಡು, ಎದೆಯುಬ್ಬಿಸಿ ಓದಲು ಕೂತ. ಮೊದಲ ಪುಟಕ್ಕೆ ನಗು ಇತ್ತು. ಮೂರನೆಯದಕ್ಕೆ ಕಡಿಮೆಯಾಯಿತು. ಆಮೇಲೆ ಪುಟಗಳನ್ನು ಬೇಗಬೇಗ ತಿರುಗಿಸಿದ, ಏನೋ ಹುಡುಕುವವನ ಹಾಗೆ.

"ಒಳ್ಳೆ ಲಾನ್. ಎಂಥಾ ಲಾನ್. ಈ ಜಿಲ್ಲೆಯಲ್ಲೇ ಅಂಥ ಲಾನ್ ಇಲ್ಲ," ಅಂತ ಗಟ್ಟಿಯಾಗಿ ಓದಿದ. "ಕ್ಲಾರಿ ಬರೆದಿದಾನೆ, ನನ್ನ ನಾಯಿ ಒಮ್ಮೆ ಅಲ್ಲಿ ಕಾಲೆತ್ತಿದ್ದಕ್ಕೆ ಮೂರು ವರ್ಷ ನನ್ನ ಅಂಗಡಿಗೆ ಬರಲಿಲ್ಲ, ಛಲವಂತ ಮನುಷ್ಯ ಅಂತ." ಪುಸ್ತಕ ಮುಚ್ಚಿದ. "ನಲವತ್ತಮೂರು ಜನ ಬರೆದಿದಾರೆ. ಇದರಲ್ಲಿ ನಾನು ಎಲ್ಲೂ ಇಲ್ವಲ್ಲ ಬೆರಿಸ್."

ನಾನು ಸಾರಿನ ಪಾತ್ರೆ ನೋಡುತ್ತ ಕೂತೆ.

"ನೀನಾದ್ರೆ ಏನು ಬರೀತಿದ್ದೆ?" ಅಂತ ಅವನು ಹೆಂಡತಿಯನ್ನು ಕೇಳಿದ. ತಮಾಷೆಯ ದನಿಯಲ್ಲೇ ಕೇಳಿದ್ದು.

ನೈರಿ ಬಟ್ಟಲು ಒರೆಸುತ್ತಿದ್ದಳು, ನಿಲ್ಲಿಸಲಿಲ್ಲ. "ನಮ್ಮ ಅಮ್ಮ ಕೊನೇ ಸಲ ಇಲ್ಲಿಗೆ ಬಂದಾಗ ಮಳೆ ಬರ್ತಿತ್ತು. ವಾಕರ್ ಹಿಡ್ಕೊಂಡಿದ್ಲು. ಲಾನ್ ಮೇಲೆ ಗುಳಿ ಬೀಳುತ್ತೆ ಅಂತ ನೀನು ಅವಳನ್ನ ಜಲ್ಲಿ ಮೇಲೆ ಸುತ್ತಿಸಿದೆ. ಎರಡು ಸಲ ಕೂತ್ಕೊಂಡ್ಲು, ಬೇಲಿ ಹಿಡ್ಕೊಂಡು. ಅದನ್ನ ಬರೀತಿದ್ದೆ."

"ಅದಾಗಿ ಇಪ್ಪತ್ತು ವರ್ಷ ಆಯ್ತು."

"ಹೌದು. ದಿನಕ್ಕೆ ಎರಡು ಸಲ ಸುತ್ತಿದೀನಿ. ದಿನಕ್ಕೆ ಎರಡು ಸಲ ನೆನಪಾಗಿದೆ."

ನಾನು ಪಾತ್ರೆ ಅಲ್ಲೇ ಬಿಟ್ಟು ಮನೆಗೆ ಬಂದೆ. ಬಾಯಿಗಳೊಳಗೆ ಇಣುಕಬಾರದ ಹೊತ್ತು ಅಂತಲೂ ಒಂದಿರುತ್ತದೆ.

ಕ್ಷಮೆ ಕೇಳಿದನಾ ಅಂತ ನಾನು ನೈರಿಯನ್ನು ಆಮೇಲೆ ಕೇಳಿದೆ. ಇಲ್ಲವಂತೆ. ಅವನು ಆ ಜಾತಿಯ ಮನುಷ್ಯನೇ ಅಲ್ಲ. ಆದರೆ ಮುಂದಿನ ವಾರ ಅವನು ನನ್ನ ಹತ್ತಿರ ಬಂದು, ಕಾರು ತೆಗೆ, ಮೆರಿಯಾನಾಳ ಹತ್ತಿರ ಹೋಗಬೇಕು ಅಂದ. ಅಲ್ಲಿ ಎರಡು ಗಂಟೆ ಊರುಗೋಲು ಕುಟ್ಟಿಕೊಂಡು ಓಡಾಡಿ, ಎಷ್ಟು ಎತ್ತರಕ್ಕೆ ಕತ್ತರಿಸಬೇಕು, ಅಂಚು ಹೇಗೆ ತೆಗೆಯಬೇಕು ಅಂತ ಅವಳ ತಲೆ ತಿಂದ. ಕತ್ತರಿಸಬಾರದು, ಬೆರಳಿನಲ್ಲಿ ಬಾಚಿ ಒಣಗಿದ್ದನ್ನು ತೆಗೆದರೆ ಸಾಕು ಅಂದಳು ಮೆರಿಯಾನಾ. ಕೊನೆಗೆ ಅವನು ಕಾಂಡ ಕಟ್ಟಿಕೊಂಡು ಆಳೆತ್ತರ ಬೆಳೆಯುವ ಜೌಗಿನ ಜೇಕನ್ನು ಬಯಸಿದ.

"ಅಷ್ಟು ಎತ್ತರ ಆಗೋಕೆ ಎಷ್ಟು ವರ್ಷ?"

"ಇಪ್ಪತ್ತು, ಮೂವತ್ತು. ಅವಸರ ಇದೆಯಾ?"

"ಇತ್ತು. ಈಗ ಒಂದು ಸಲ ಸತ್ತಾಯ್ತಲ್ಲ," ಅಂದ ರಾಯ್ಡನ್.

ಅದಕ್ಕೆ ನೆಲ ಸದಾ ಒದ್ದೆ ಇರಬೇಕು, ಮನೆ ಮುಂದಿನ ಒಣ ಅಂಗಳದಲ್ಲಿ ಬದುಕುವುದಿಲ್ಲ. ಬಟ್ಟೆ ಒಗೆಯುವ ನೀರು ಬೀಳುವಲ್ಲಿ, ಮನೆ ಹಿಂದೆ ನೆಡಬೇಕಾಯಿತು. ನೈರಿ ಗುಂಡಿ ತೋಡಿದಳು, ಅವನು ಪಕ್ಕದಲ್ಲಿ ನಿಂತು ಗುಂಡಿ ಓರೆಯಾಗಿದೆ ಅಂತ ಹೇಳುತ್ತಿದ್ದ.

ಆ ಶನಿವಾರ ಅವನು ಮುಂಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಜೇಕಿನ ಸಾಲುಗಳನ್ನು ಬಹಳ ಹೊತ್ತು ನೋಡಿ, ನಡುವಿನ ದಾರಿ ಇಕ್ಕಟ್ಟಾಯಿತು, ಮೂರು ಗುಪ್ಪೆ ಎತ್ತಿ ಪಕ್ಕಕ್ಕೆ ಹಾಕಿದರೆ ಇಬ್ಬರು ಒಟ್ಟಿಗೆ ನಡೆದು ಬರಬಹುದು ಅಂದ. ನೈರಿ ಆಗಲಿ ಅಂದಳು. ಯಾವ ಮೂರು ಅನ್ನುವುದರ ಮೇಲೆ ಇಬ್ಬರೂ ಭಾನುವಾರ ಚರ್ಚಿನ ಗಂಟೆ ಹೊಡೆಯುವವರೆಗೆ ಜಗಳ ಆಡಿದರು. ಚರ್ಚಿಗೆ ಹೋಗಲಿಲ್ಲ. ಮಧ್ಯಾಹ್ನ ಮುಂದುವರಿಸಿದರು.